ಕಿವಿಯಿಂದ ಮೂತ್ರಪಿಂಡದವರೆಗೆ: ಒಂದು ಅಪರೂಪದ ಕಾಯಿಲೆ, ಬಿಟ್ಟುಹೋಗುವ ಒಂದು ಪರೀಕ್ಷೆ

ಕಿವಿಯ ಮೇಲ್ಭಾಗದಲ್ಲಿ, ನಮ್ಮ ಅಜ್ಜಿಯಂದಿರು ಬುಗುಡಿ ಇಟ್ಟುಕೊಳ್ಳುತ್ತಿದ್ದ ಜಾಗದಲ್ಲಿ, ಒಂದು ಬೆಳಿಗ್ಗೆ ಏಳುವಾಗ ನೋವು ಕಾಣಿಸಿಕೊಳ್ಳುತ್ತದೆ. ಸಂಜೆಯ ಹೊತ್ತಿಗೆ ಆ ಭಾಗವೆಲ್ಲ ಊದಿ ಬಿಸಿಯಾಗಿರುತ್ತದೆ. ಆ ಮಗ್ಗುಲಿಗೆ ತಲೆಯಿಟ್ಟು ಮಲಗಲಾಗದು, ಹೆಲ್ಮೆಟ್ ಹಾಕಿಕೊಳ್ಳಲಾಗದು, ಫೋನನ್ನು ಕಿವಿಗೆ ಒತ್ತಿ ಹಿಡಿಯಲಾಗದು. ವಿಚಿತ್ರವೆಂದರೆ ಓಲೆ ತೂಗುವ ಹಾಲೆಗೆ ಏನೂ ಆಗಿರುವುದಿಲ್ಲ. ಕಿವಿಯ ಉಳಿದ ಭಾಗಕ್ಕೆ ಆಕಾರ ಕೊಟ್ಟಿರುವುದು ಮೃದ್ವಸ್ಥಿ, ಅಂದರೆ ಬಾಗುವ ಮೆದು ಮೂಳೆ (ಕಾರ್ಟಿಲೇಜ್). ಹಾಲೆಯಲ್ಲಿ ಅದಿಲ್ಲ, ಅಲ್ಲಿರುವುದು ಚರ್ಮ ಮತ್ತು ಕೊಬ್ಬು ಮಾತ್ರ. ಊತ ಗೆರೆ ಎಳೆದಂತೆ ಹಾಲೆಯ ಅಂಚಿನಲ್ಲಿ ನಿಂತಿದ್ದರೆ ಕಾಯಿಲೆಯ ಗುರಿ ಮೃದ್ವಸ್ಥಿಯೇ ಇರಬೇಕು. ಚರ್ಮದ ಸೋಂಕಾಗಿದ್ದರೆ ಹಾಲೆಯನ್ನೂ ಬಿಡುತ್ತಿರಲಿಲ್ಲ. ಫ್ಯಾಷನ್ನಿಗಾಗಿ ಕಿವಿಯ ಮೇಲಂಚಿನಲ್ಲಿ ಚುಚ್ಚಿಸಿಕೊಂಡವರಿಗೆ ತಗಲುವ ಸೋಂಕು ಹಾಲೆಯನ್ನು ಬಿಡಬಹುದು, ಆದರೆ ಅದು ಸಾಮಾನ್ಯವಾಗಿ ಚುಚ್ಚಿಸಿಕೊಂಡ ಕಿವಿಗಷ್ಟೇ ಸೀಮಿತ. ಇಲ್ಲಿ ಇಂದು ಎಡಗಿವಿಯಾದರೆ ಮುಂದಿನ ತಿಂಗಳು ಬಲಗಿವಿ. ಪಠ್ಯಪುಸ್ತಕಗಳು ‘ಕೆಂಪಾದ ಕಿವಿ’ ಎಂದು ಬರೆಯುತ್ತವೆ. ನಮ್ಮ ಮೈಬಣ್ಣದಲ್ಲಿ ಆ ಕೆಂಪು ಎಷ್ಟೋ ಸಲ ಕಣ್ಣಿಗೆ ಬೀಳುವುದೇ ಇಲ್ಲ. ಎರಡೂ ಕಿವಿಗಳನ್ನು ಬೆರಳಿನಿಂದ ಮುಟ್ಟಿ, ಬಿಸಿಯನ್ನು ಹೋಲಿಸಿ ನೋಡಬೇಕಾಗುತ್ತದೆ.

ಈ ಕಾಯಿಲೆಯ ಹೆಸರು ರಿಲ್ಯಾಪ್ಸಿಂಗ್ ಪಾಲಿಕಾಂಡ್ರೈಟಿಸ್. ಕನ್ನಡದಲ್ಲಿ ‘ಮರುಕಳಿಸುವ ಬಹುಮೃದ್ವಸ್ಥಿ ಉರಿಯೂತ’ ಎನ್ನಬಹುದೇನೋ, ಆದರೆ ಹಾಗೆ ಯಾರೂ ಅನ್ನುವುದಿಲ್ಲ. ವಾರ್ಡಿನಲ್ಲಿ ವೈದ್ಯರು ಆರ್‌ಪಿ ಎಂದು ಮುಗಿಸುತ್ತಾರೆ. 1923ರಲ್ಲಿ ಪ್ರಾಗ್ ನಗರದ ವೈದ್ಯ ಯಾಕ್ಷ್-ವಾರ್ಟೆನ್‌ಹಾರ್ಸ್ಟ್, ಬಿಯರ್ ತಯಾರಿಸುವ ಕೆಲಸದಲ್ಲಿದ್ದ 32 ವರ್ಷದ ವ್ಯಕ್ತಿಯೊಬ್ಬನಲ್ಲಿ ಇದನ್ನು ಮೊದಲು ಗುರುತಿಸಿ ಬರೆದರು. ಇಂದಿನ ಹೆಸರು ಬಂದದ್ದು 1960ರಲ್ಲಿ. ರೋಗವನ್ನು ನಿಶ್ಚಯಿಸುವ ಒಂದೇ ಒಂದು ರಕ್ತಪರೀಕ್ಷೆ ಇಂದಿಗೂ ಇಲ್ಲ. 1976ರಲ್ಲಿ ಮೆಕ್ಯಾಡಮ್ ಮತ್ತು ಸಂಗಡಿಗರು ಕೊಟ್ಟ ಆರು ಲಕ್ಷಣಗಳ ಲೆಕ್ಕವೇ, ಅಲ್ಪಸ್ವಲ್ಪ ತಿದ್ದುಪಡಿಗಳೊಂದಿಗೆ, ಈಗಲೂ ಚಲಾವಣೆಯಲ್ಲಿದೆ: ಎರಡೂ ಕಿವಿಗಳ ಮೃದ್ವಸ್ಥಿಯ ಉರಿಯೂತ, ಮೂಗಿನದು, ಗಂಟಲು ಮತ್ತು ಶ್ವಾಸನಾಳದ್ದು, ಮೂಳೆಯನ್ನು ಕೊರೆಯದ ಕೀಲುವಾತ, ಕಣ್ಣಿನ ಉರಿಯೂತ, ಒಳಗಿವಿಗೆ ಪೆಟ್ಟು ಬಿದ್ದು ಬರುವ ಕಿವುಡು ಅಥವಾ ತಲೆಸುತ್ತು. ಇವುಗಳಲ್ಲಿ ಮೂರು ಸೇರಿದರೆ ರೋಗ ಖಚಿತ. ಆರರಲ್ಲಿ ಮೂತ್ರಪಿಂಡ ಎಲ್ಲಿಯೂ ಇಲ್ಲ ಎಂಬುದನ್ನು ಓದುಗರು ಇಲ್ಲಿಯೇ ಗಮನಿಸಿಟ್ಟುಕೊಳ್ಳಬೇಕು, ಏಕೆಂದರೆ ಈ ಲೇಖನದ ತಕರಾರೆಲ್ಲ ಅಲ್ಲಿಂದಲೇ ಹುಟ್ಟುತ್ತದೆ.

ಮೃದ್ವಸ್ಥಿಗೆ ತನ್ನದೇ ಆದ ರಕ್ತನಾಳಗಳಿಲ್ಲ. ಸುತ್ತಲಿನ ತೆಳು ಹೊದಿಕೆಯಿಂದ ಜಿನುಗುವ ಪೋಷಕಾಂಶದಲ್ಲೇ ಅದು ಬದುಕುತ್ತದೆ, ಹಾಗಾಗಿ ಒಮ್ಮೆ ಹಾಳಾದರೆ ಮತ್ತೆ ಸರಿಯಾಗಿ ಬೆಳೆಯುವುದಿಲ್ಲ. ದೇಹದ ರೋಗನಿರೋಧಕ ವ್ಯವಸ್ಥೆ ಈ ಮೃದ್ವಸ್ಥಿಯ ಎರಡನೇ ಬಗೆಯ ಕೊಲಾಜೆನ್, ಮ್ಯಾಟ್ರಿಲಿನ್-1 ಮುಂತಾದ ಪ್ರೋಟೀನುಗಳನ್ನೇ ಪರಕೀಯವೆಂದು ಬಗೆದು ಎರಗಿದಾಗ ಹೊದಿಕೆಯ ಕಡೆಯಿಂದ ಉರಿಯೂತ ಒಳನುಗ್ಗುತ್ತದೆ. ನಾಲ್ಕಾರು ಸಲ ಮರುಕಳಿಸಿದ ಮೇಲೆ ಕಿವಿ ಹೂಕೋಸಿನಂತೆ ಮುದುಡುತ್ತದೆ, ಮೂಗಿನ ದಿಂಡು ಕುಸಿದು ಕುದುರೆಯ ಜೀನಿನಂತೆ ತಗ್ಗು ಬೀಳುತ್ತದೆ. ಇವು ನೋಡಲು ಕೆಟ್ಟವು, ಆದರೆ ಜೀವ ತೆಗೆಯುವಂಥವಲ್ಲ. ಜೀವಕ್ಕೆ ಕುತ್ತು ಶ್ವಾಸನಾಳದಲ್ಲಿದೆ: ಅದನ್ನು ತೆರೆದಿಡುವ ಮೃದ್ವಸ್ಥಿಯ ಬಳೆಗಳು ಮೆತ್ತಗಾದರೆ ಉಸಿರು ಬಿಡುವಾಗ ನಾಳ ಒದ್ದೆ ಕಾಗದದ ಕೊಳವೆಯಂತೆ ಒಳಕ್ಕೆ ಕೂತುಬಿಡುತ್ತದೆ. ಧ್ವನಿ ಕಟ್ಟುವುದು, ಕತ್ತಿನ ಮುಂಭಾಗ ಒತ್ತಿದರೆ ನೋಯುವುದು ಇದರ ಮುನ್ಸೂಚನೆಗಳು. ಧೂಳು, ಪರಾಗ, ತಂಪುಗಾಳಿಯ ಈ ಬೆಂಗಳೂರಿನಲ್ಲಿ ಅಂಥ ಸದ್ದಿನ ಉಸಿರಾಟಕ್ಕೆ ಅಸ್ತಮಾ ಎಂಬ ಹೆಸರು ಬೀಳುವುದು ಎಷ್ಟು ಸುಲಭವೆಂದು ಇಲ್ಲಿ ಇದ್ದವರಿಗೆ ವಿವರಿಸಬೇಕಾಗಿಲ್ಲ.

ಮೂತ್ರಪಿಂಡದಲ್ಲಿ ಮೃದ್ವಸ್ಥಿ ಇಲ್ಲವೇ ಇಲ್ಲ. ಹಾಗಿದ್ದರೆ ಮೃದ್ವಸ್ಥಿಯ ಕಾಯಿಲೆ ಅಲ್ಲಿಗೆ ಹೋಗುವುದು ಹೇಗೆ? ಮುಖ್ಯ ದಾರಿ ರಕ್ತನಾಳಗಳದ್ದು. ಈ ರೋಗಿಗಳಲ್ಲಿ ಸುಮಾರು ಮೂರನೇ ಒಂದು ಭಾಗದವರಿಗೆ ಜೊತೆಯಲ್ಲಿ ಇನ್ನೊಂದು ಆಟೋಇಮ್ಯೂನ್ (ರೋಗನಿರೋಧಕ ವ್ಯವಸ್ಥೆ ಸ್ವಂತ ದೇಹದ ಮೇಲೆಯೇ ಎರಗುವ) ಕಾಯಿಲೆಯೋ ರಕ್ತದ ಕಾಯಿಲೆಯೋ ಇರುತ್ತದೆ. ಅವುಗಳಲ್ಲಿ ರಕ್ತನಾಳಗಳ ಉರಿಯೂತಕ್ಕೆ, ಅಂದರೆ ವ್ಯಾಸ್ಕುಲೈಟಿಸ್‌ಗೆ, ಪ್ರಮುಖ ಸ್ಥಾನ. ಅದರಲ್ಲೂ ಅತಿ ಸಣ್ಣ ನಾಳಗಳನ್ನು ಹಿಡಿಯುವ, ‘ಆಂಕಾ’ ಎಂಬ ಪ್ರತಿಕಾಯಗಳ ಜೊತೆಗೆ ಬರುವ ಬಗೆ ಮೂತ್ರಪಿಂಡಕ್ಕೆ ಮಾರಕ. ಒಂದೊಂದು ಮೂತ್ರಪಿಂಡದಲ್ಲಿ ಸುಮಾರು 10 ಲಕ್ಷ ಗ್ಲೊಮೆರುಲಸ್‌ಗಳಿವೆ. ಪ್ರತಿಯೊಂದೂ ಸಣ್ಣ ರಕ್ತನಾಳಗಳ ಒಂದು ಉಂಡೆ, ರಕ್ತ ಸೋಸುವ ಜರಡಿ. ಪ್ರತಿಕಾಯಗಳು ಬಿಳಿರಕ್ತಕಣಗಳನ್ನು ಕೆಣಕುತ್ತವೆ, ಅವು ನಾಳದ ಗೋಡೆಗೆ ಅಂಟಿ ತಮ್ಮೊಳಗಿನ ಕಿಣ್ವಗಳನ್ನು ಅಲ್ಲಿಯೇ ಚೆಲ್ಲುತ್ತವೆ, ಗೋಡೆ ಹರಿಯುತ್ತದೆ. ಹರಿದ ಜಾಗದಿಂದ ಸೋರಿದ ಪದಾರ್ಥದ ಸುತ್ತ ಜೀವಕೋಶಗಳು ಒತ್ತೊತ್ತಾಗಿ ಬೆಳೆದು ಉಂಡೆಯನ್ನು ಒಂದು ಬದಿಯಿಂದ ಅಮುಕುತ್ತವೆ. ಬಯಾಪ್ಸಿಯ ಗಾಜಿನ ಮೇಲೆ ಅದು ಬಿದಿಗೆಯ ಚಂದ್ರನಂತೆ ಕಾಣುತ್ತದೆ. ಆ ಚಂದ್ರ ಇನ್ನೂ ಜೀವಕೋಶಗಳದ್ದಾಗಿದ್ದರೆ ಔಷಧಕ್ಕೆ ಕರಗುತ್ತದೆ. ಕೆಲವು ವಾರಗಳು ಕಳೆದು ನಾರುಗಟ್ಟಿದರೆ ಆ ಜರಡಿ ಹೋದಂತೆಯೇ.

ಎಷ್ಟು ಮಂದಿಗೆ ಹೀಗಾಗುತ್ತದೆ? ಅಮೆರಿಕದ ಮೇಯೊ ಕ್ಲಿನಿಕ್ 1987ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ಕಾಯಿಲೆಯ 129 ರೋಗಿಗಳ ಪೈಕಿ 29 ಜನರಿಗೆ ಮೂತ್ರಪಿಂಡದ ತೊಂದರೆ ಇತ್ತು. ಅವರು ಉಳಿದವರಿಗಿಂತ ವಯಸ್ಸಾದವರು, ಬೇರೆ ಅಂಗಗಳಲ್ಲಿಯೂ ವ್ಯಾಸ್ಕುಲೈಟಿಸ್ ಹೆಚ್ಚಾಗಿದ್ದವರು, ಬದುಕುಳಿದ ಪ್ರಮಾಣದಲ್ಲಿ ಸ್ಪಷ್ಟವಾಗಿ ಹಿಂದಿದ್ದವರು. ಆಂಕಾ ಪರೀಕ್ಷೆ ಆಗಿನ್ನೂ ಕಣ್ಣುಬಿಡುತ್ತಿತ್ತು, ಮೇಲಾಗಿ ದೊಡ್ಡ ಆಸ್ಪತ್ರೆಗೆ ಕಷ್ಟದ ರೋಗಿಗಳೇ ಹೆಚ್ಚು ಬರುತ್ತಾರೆ. ನಂತರದ ಅಧ್ಯಯನಗಳಲ್ಲಿ ಈ ಪ್ರಮಾಣ ಕಡಿಮೆಯೇ ಇದೆ. ಆದರೂ ನನ್ನ ಎಣಿಕೆಯಲ್ಲಿ ಇಲ್ಲಿ ಶೇಕಡಾವಾರಿಗಿಂತ ಮುಖ್ಯವಾದದ್ದು ವೇಗ. ಕಿವಿ ಮುದುಡಲು ವರ್ಷಗಳು ಬೇಕು. ಈ ಬಗೆಯ ಮೂತ್ರಪಿಂಡದ ಉರಿಯೂತಕ್ಕೆ ವಾರಗಳು ಸಾಕು. ಕಿವಿ ಕೂಗಿಕೊಳ್ಳುತ್ತದೆ, ಮೂತ್ರಪಿಂಡ ಒಂದು ಮಾತೂ ಆಡುವುದಿಲ್ಲ.

ಬೆಂಗಳೂರಿಗೆ ಈ ಲೆಕ್ಕವನ್ನು ತಂದು ನೋಡೋಣ. ಮಿನ್ನೆಸೋಟ ರಾಜ್ಯದ ರಾಚೆಸ್ಟರ್‌ನಲ್ಲಿ ವರ್ಷಕ್ಕೆ ಪ್ರತಿ 10 ಲಕ್ಷ ಜನರಲ್ಲಿ 3.5 ಹೊಸ ರೋಗಿಗಳೆಂದು ಅಂದಾಜಿಸಿದ್ದರು. ಬ್ರಿಟನ್ನಿನ ಸಾಮಾನ್ಯ ವೈದ್ಯರ ದಾಖಲೆಗಳಿಂದ ತೆಗೆದ ಅಂದಾಜು 0.71. ಬೆಂಗಳೂರು ನಗರ ಜಿಲ್ಲೆಯ 2011ರ ಜನಗಣತಿಯ 96 ಲಕ್ಷಕ್ಕೆ ಇವನ್ನು ಹಚ್ಚಿದರೆ ವರ್ಷಕ್ಕೆ ಏಳರಿಂದ ಮೂವತ್ತನಾಲ್ಕು ಜನ. ಬೇರೆ ನಾಡಿನ ಅಂದಾಜನ್ನು ಹೀಗೆ ಎತ್ತಿ ತರುವುದು ಒರಟು ಗಣಿತವೆಂದು ಒಪ್ಪಿಕೊಂಡೇ ಹೇಳುತ್ತೇನೆ: ಇದು ಸೊನ್ನೆಯಲ್ಲ. ನಗರದ ಕಿವಿ-ಮೂಗು-ಗಂಟಲಿನ ತಜ್ಞರೊಬ್ಬರು ವೃತ್ತಿಜೀವನದಲ್ಲಿ ಇಂಥ ಕೆಲವರನ್ನಾದರೂ ನೋಡಿರುತ್ತಾರೆ, ಗುರುತಿಸಿಯೋ ಗುರುತಿಸದೆಯೋ.

ಗುರುತಿಸದಿರುವುದು ಅವರೊಬ್ಬರ ತಪ್ಪೂ ಅಲ್ಲ. 66 ರೋಗಿಗಳನ್ನು ಕುರಿತು 1998ರಲ್ಲಿ ಬಂದ ಅಮೆರಿಕದ ಅಧ್ಯಯನವೊಂದರಲ್ಲಿ, ವೈದ್ಯರನ್ನು ಕಂಡ ದಿನದಿಂದ ರೋಗದ ಹೆಸರು ಹೇಳಿಸಿಕೊಳ್ಳುವವರೆಗೆ ಸರಾಸರಿ 2.9 ವರ್ಷ ಹಿಡಿದಿತ್ತು, ಮೂರನೇ ಒಂದು ಭಾಗದವರು ಅಷ್ಟರಲ್ಲಿ ಐದಕ್ಕಿಂತ ಹೆಚ್ಚು ವೈದ್ಯರನ್ನು ನೋಡಿದ್ದರು. ನಮ್ಮಲ್ಲಿ ಇದು ಹೇಗೆ ನಡೆಯುತ್ತದೆಂದು ತಿಳಿಯಲು ಬಸವನಗುಡಿಯ ಐವತ್ತರ ಗೃಹಿಣಿಯೊಬ್ಬರನ್ನು ಊಹಿಸಿಕೊಳ್ಳೋಣ. ಕಿವಿ ಊದಿದಾಗ ಅವರು ಹೋಗುವುದು ಇಎನ್‌ಟಿ ತಜ್ಞರ ಬಳಿಗೆ. ಆ್ಯಂಟಿಬಯಾಟಿಕ್ ಸಿಗುತ್ತದೆ, ಹತ್ತು ದಿನದಲ್ಲಿ ಊತ ಇಳಿಯುತ್ತದೆ. ಈ ಕಾಯಿಲೆಯ ಊತ ಏನೂ ಮಾಡದಿದ್ದರೂ ತಾನಾಗಿ ಇಳಿಯುವಂಥದ್ದು, ಆದರೆ ಕೀರ್ತಿ ಮಾತ್ರೆಗೆ ಹೋಗುತ್ತದೆ. ಎರಡು ತಿಂಗಳ ಮೇಲೆ ಕಣ್ಣು ಕೆಂಪಾದಾಗ ಅದು ಕಣ್ಣಿನ ಆಸ್ಪತ್ರೆಯ ಸಂಗತಿ. ಮಂಡಿ ನೋವು ಮೂಳೆ ವೈದ್ಯರದು, ಕೆಮ್ಮು ಎದೆ ವೈದ್ಯರದು. ನಗರದ ಯಾವ ದೊಡ್ಡ ಆಸ್ಪತ್ರೆಯ ಹೊರರೋಗಿ ವಿಭಾಗದ ಬೆಂಚಿನ ಮೇಲೆ ಕುಳಿತು ನೋಡಿದರೂ ಇಂಥವರ ಮಡಿಲಲ್ಲಿ ಒಂದು ಪ್ಲಾಸ್ಟಿಕ್ ಕವರ್ ಕಾಣುತ್ತದೆ: ಬೇರೆ ಬೇರೆ ಲ್ಯಾಬುಗಳ ಲಕೋಟೆಗಳು, ಮಡಚಿ ಮಡಚಿ ಹರಿದ ಚೀಟಿಗಳು, ಎಕ್ಸ್‌ರೇ ಫಿಲ್ಮು. ಒಳಗೆ ಹೋದಾಗ ವೈದ್ಯರು ಮೇಲಿನ ಎರಡು ಕಾಗದ ನೋಡುತ್ತಾರೆ. ಕಿವಿ, ಕಣ್ಣು, ಕೀಲು ಮೂರನ್ನೂ ಒಂದೇ ಹಾಳೆಯಲ್ಲಿ ಬರೆದವರು ಆ ಕವರಿನೊಳಗೆ ಯಾರೂ ಇರುವುದಿಲ್ಲ. ವಿಶೇಷ ತಜ್ಞರಿಗೆ ಬರವಿಲ್ಲದ ನಗರದಲ್ಲಿ ಇದು ಇನ್ನಷ್ಟು ಸಲೀಸಾಗಿ ಆಗುತ್ತದೆ ಎಂಬುದು ನನ್ನ ಅಭಿಪ್ರಾಯ. ಸಣ್ಣ ಊರಿನ ಫ್ಯಾಮಿಲಿ ಡಾಕ್ಟರಿಗೆ ಈ ರೋಗದ ಹೆಸರು ಗೊತ್ತಿಲ್ಲದಿರಬಹುದು, ಆದರೆ “ಏನಮ್ಮಾ, ಹೋದ ಸಲ ಕಿವಿ ಅಂದಿದ್ರಿ, ಈಗ ಕಣ್ಣಾ?” ಎಂದು ಕೇಳುವ ಅವಕಾಶವಾದರೂ ಅವರಿಗಿತ್ತು.

ಈ ನಡುವೆ ಕೀಲುನೋವಿಗೆ ಮೆಡಿಕಲ್ ಸ್ಟೋರಿನಲ್ಲಿ ಚೀಟಿಯಿಲ್ಲದೆ ಸಿಗುವ ನೋವಿನ ಮಾತ್ರೆ ನಡೆದೇ ಇರುತ್ತದೆ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಜಾತಿಯ ಮಾತ್ರೆಗಳು ಮೂತ್ರಪಿಂಡಕ್ಕೆ ಹರಿಯುವ ರಕ್ತವನ್ನು ತಗ್ಗಿಸುತ್ತವೆ, ಕೆಲವರಲ್ಲಿ ನೇರವಾಗಿಯೇ ಉರಿಯೂತ ತರುತ್ತವೆ. ಮುಂದೆ ರಕ್ತದಲ್ಲಿ ಕ್ರಿಯಾಟಿನಿನ್, ಅಂದರೆ ಮೂತ್ರಪಿಂಡ ಸೋಸಿ ಹೊರಹಾಕಬೇಕಾದ ತ್ಯಾಜ್ಯ, ಏರಿದಾಗ ‘ನೋವಿನ ಮಾತ್ರೆ ತಿಂದು ಹೀಗಾಗಿದೆ, ನಿಲ್ಲಿಸಿ ನೋಡೋಣ’ ಎಂಬ ವಿವರಣೆ ಕೈಗೆ ಸಿದ್ಧವಾಗಿ ಸಿಗುತ್ತದೆ. ಅರ್ಧ ನಿಜವಾದ ಆ ವಿವರಣೆಯಲ್ಲೇ ಅಮೂಲ್ಯವಾದ ಮೂರು ವಾರಗಳು ಹೋಗಬಹುದು.

ಕ್ರಿಯಾಟಿನಿನ್ ಬಗ್ಗೆಯೂ ಒಂದು ಮಾತು ಹೇಳಬೇಕು, ಏಕೆಂದರೆ ಬಹುಪಾಲು ಜನ, ಎಷ್ಟೋ ವೈದ್ಯರೂ, ಮೂತ್ರಪಿಂಡ ಸರಿಯಿದೆಯೇ ಎಂದರೆ ಆ ಒಂದು ಅಂಕಿಯನ್ನೇ ನೋಡುತ್ತಾರೆ. ಐವತ್ತು ವರ್ಷದ ಮಹಿಳೆಯ ಕ್ರಿಯಾಟಿನಿನ್ 0.7 ಇದ್ದಾಗ ಈಗ ಬಳಕೆಯಲ್ಲಿರುವ ಸೂತ್ರದ ಪ್ರಕಾರ ಮೂತ್ರಪಿಂಡಗಳ ಸೋಸುವ ಶಕ್ತಿ ನಿಮಿಷಕ್ಕೆ ಸುಮಾರು 105 ಮಿಲಿಲೀಟರ್. ಅದೇ 1.1 ಆದರೆ ಶಕ್ತಿ 61ಕ್ಕೆ ಇಳಿದಿರುತ್ತದೆ. ನೂರಕ್ಕೆ ನಲವತ್ತರಷ್ಟು ಹೋಗಿದೆ, ಆದರೆ ಎಷ್ಟೋ ಲ್ಯಾಬುಗಳ ಹಾಳೆಯಲ್ಲಿ ಆ ಅಂಕಿ ದಪ್ಪ ಅಕ್ಷರಕ್ಕೂ ತಿರುಗುವುದಿಲ್ಲ, ಏಕೆಂದರೆ ಅದು ಅವರು ಅಚ್ಚುಹಾಕಿದ ಸಹಜ ಮಿತಿಯ ಒಳಗೇ ಇದೆ. ಹಿಂದಿನ 0.7 ಯಾವುದೋ ಬೇರೆ ಲ್ಯಾಬಿನ ಲಕೋಟೆಯಲ್ಲಿ, ಕವರಿನ ತಳದಲ್ಲಿರುತ್ತದೆ.

ಅದಕ್ಕೂ ಮೊದಲು ಮಾತಾಡುವುದು ಮೂತ್ರ. ಬಣ್ಣ ಬದಲಾಗದಿದ್ದರೂ ಅದರಲ್ಲಿ ರಕ್ತಕಣಗಳಿರಬಹುದು; ನೊರೆ ಹೆಚ್ಚು ಹೊತ್ತು ನಿಲ್ಲುತ್ತಿದ್ದರೆ ಪ್ರೋಟೀನು ಸೋರುತ್ತಿರಬಹುದು. ಒಂದು ಪಟ್ಟಿಯನ್ನು ಅದ್ದಿ ತೆಗೆದರೆ ಎರಡೂ ಗೊತ್ತಾಗುತ್ತವೆ. ಆಗ ತಾನೇ ಹಿಡಿದ ಮೂತ್ರವನ್ನು ಯಂತ್ರದಲ್ಲಿ ಗಿರಕಿ ಹೊಡೆಸಿ, ತಳದಲ್ಲಿ ಕೂತ ಗಷ್ಟನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟರೆ ಇನ್ನೂ ಹೆಚ್ಚು ತಿಳಿಯುತ್ತದೆ: ಮೂತ್ರಕೋಶದಿಂದಲೋ ಕಲ್ಲಿನಿಂದಲೋ ಬಂದ ರಕ್ತಕಣಗಳು ದುಂಡಗೇ ಇರುತ್ತವೆ, ಹರಿದ ಜರಡಿಯಲ್ಲಿ ನುಸುಳಿ ಬಂದವು ಸೊಟ್ಟಗಾಗಿ, ಮೈಮೇಲೆ ಸಣ್ಣ ಗುಳ್ಳೆಗಳೆದ್ದು ವಿಕಾರವಾಗಿರುತ್ತವೆ. ಅವು ಮೂತ್ರಪಿಂಡದ ಸಣ್ಣ ಕೊಳವೆಗಳೊಳಗೆ ಕೂಡಿಕೊಂಡು ಸಣ್ಣ ಉರುಳೆಗಳಾಗಿ ಅಚ್ಚುಗಟ್ಟಿ ಬಂದರಂತೂ ಅನುಮಾನಕ್ಕೆ ಹೆಚ್ಚು ಜಾಗ ಉಳಿಯುವುದಿಲ್ಲ. ತೊಡಕೆಂದರೆ ಈ ಅಚ್ಚುಗಳು ಒಂದೆರಡು ಗಂಟೆಯಲ್ಲಿ ಕರಗತೊಡಗುತ್ತವೆ. ಬೆಳಿಗ್ಗೆ ಏಳಕ್ಕೆ ಬಡಾವಣೆಯ ಸಂಗ್ರಹಣಾ ಕೇಂದ್ರದಲ್ಲಿ ಕೊಟ್ಟ ಬಾಟಲಿ, ಹುಡುಗನೊಬ್ಬನ ಬೈಕಿನ ಡಬ್ಬಿಯಲ್ಲಿ ಸಿಲ್ಕ್ ಬೋರ್ಡಿನ ಟ್ರಾಫಿಕ್ ದಾಟಿ ಮುಖ್ಯ ಲ್ಯಾಬು ಸೇರಿ, ಮಧ್ಯಾಹ್ನ ಯಂತ್ರಕ್ಕೆ ಹೋದರೆ, ಅದರಲ್ಲಿ ಕಾಣಬೇಕಾದದ್ದು ಕಾಣುವುದಿಲ್ಲ. ಮೂತ್ರಪಿಂಡದ ವಿಭಾಗವಿರುವ ಆಸ್ಪತ್ರೆಯಲ್ಲೇ ಕೊಟ್ಟು ಅಲ್ಲೇ ನೋಡಿಸುವುದು ಲೇಸು. ಮೃದ್ವಸ್ಥಿಯ ಉರಿಯೂತವಿದೆ ಎಂದು ಯಾರಿಗೇ ಆಗಲಿ ಹೆಸರು ಬಿದ್ದ ದಿನದಿಂದ, ಕಾಯಿಲೆ ಚುರುಕಾಗಿರುವಷ್ಟು ಕಾಲ ಈ ಅಗ್ಗದ ಪರೀಕ್ಷೆಯನ್ನು ಮತ್ತೆ ಮತ್ತೆ ಮಾಡಿಸಬೇಕು. ಎಂಆರ್‌ಐ, ಪೆಟ್ ಸ್ಕ್ಯಾನುಗಳ ಬಗ್ಗೆ ನಮ್ಮ ನಗರಕ್ಕಿರುವ ಭಕ್ತಿಯ ಕಾಲುಭಾಗ ಮೂತ್ರದ ಬಾಟಲಿಗೆ ಸಿಕ್ಕಿದ್ದರೆ ಚೆನ್ನಾಗಿತ್ತು.

ಮೂತ್ರದಲ್ಲಿ ದೋಷ ಕಂಡ ಮೇಲೆ ಎದುರಾಗುವ ಪ್ರಶ್ನೆ ತಜ್ಞರನ್ನೂ ಕಾಡುವಂಥದ್ದು: ಇರುವುದು ಒಂದು ಕಾಯಿಲೆಯೇ, ಎರಡೇ? ಹಿಂದೆ ವೆಗನರ್ ಹೆಸರಿನಲ್ಲಿದ್ದು, ಈಗ ಜಿಪಿಎ ಎನಿಸಿಕೊಂಡಿರುವ ವ್ಯಾಸ್ಕುಲೈಟಿಸ್ ಕೂಡ ಮೂಗನ್ನು ಕುಸಿಯುವಂತೆ ಮಾಡುತ್ತದೆ, ಧ್ವನಿಪೆಟ್ಟಿಗೆಯ ಕೆಳಗೆ ಶ್ವಾಸನಾಳವನ್ನು ಕಿರಿದಾಗಿಸುತ್ತದೆ, ಕಣ್ಣನ್ನು ಕೆಂಪಾಗಿಸುತ್ತದೆ. ಆದರೆ ಅದು ಮೂಗಿನ ಒಳಪದರವನ್ನೇ ಕೊರೆದು, ಹಕ್ಕಳೆಗಟ್ಟಿಸಿ, ನಡುಗೋಡೆಗೆ ತೂತು ಮಾಡುತ್ತದೆ, ಶ್ವಾಸಕೋಶದಲ್ಲಿ ಗಂಟುಗಳನ್ನು ಮೂಡಿಸುತ್ತದೆ; ಹೊರಗಿವಿಯ ಮೃದ್ವಸ್ಥಿಯ ತಂಟೆಗೆ ಬರುವುದು ಕಡಿಮೆ. ಆಂಕಾ ಪರೀಕ್ಷೆಯಲ್ಲಿ ಪಿಆರ್3 ಮತ್ತು ಎಂಪಿಒ ಎಂಬ ಎರಡು ಪ್ರೋಟೀನುಗಳ ವಿರುದ್ಧದ ಪ್ರತಿಕಾಯಗಳನ್ನು ನೇರವಾಗಿ ಅಳೆಯುವ ವಿಧಾನವೇ ಮೊದಲ ಆಯ್ಕೆಯಾಗಬೇಕೆಂದು 2017ರ ಅಂತಾರಾಷ್ಟ್ರೀಯ ಒಮ್ಮತ ಹೇಳುತ್ತದೆ. ಅದು ಪಾಸಿಟಿವ್ ಬಂದ ಮಾತ್ರಕ್ಕೆ ಎಲ್ಲ ಮುಗಿಯಿತೆಂದಲ್ಲ. ಕ್ಷಯರೋಗದಲ್ಲಿಯೂ, ಹೃದಯದ ಕವಾಟದ ಸೋಂಕಿನಲ್ಲಿಯೂ ಆಂಕಾ ಪಾಸಿಟಿವ್ ಬರುವುದುಂಟು, ಅಲ್ಲಿ ರೋಗನಿರೋಧಕ ಶಕ್ತಿಯನ್ನು ಹತ್ತಿಕ್ಕುವ ಔಷಧ ಕೊಟ್ಟರೆ ರೋಗಿಯ ಗತಿ ಬೇರೆಯೇ ಆಗುತ್ತದೆ. ಮೂಗು ಕುಸಿಯಲು ಕುಷ್ಠರೋಗವೂ ಕಾರಣವಾಗಬಲ್ಲ ನಾಡು ನಮ್ಮದು. ಹೀಗಾಗಿ ಮೂತ್ರಪಿಂಡದ ಬಯಾಪ್ಸಿಗೆ ಪರ್ಯಾಯವಿಲ್ಲ. ಬೆನ್ನಿನ ಕಡೆಯಿಂದ ಸೂಜಿ ಹಾಕುತ್ತಾರೆಂದು ಮನೆಯವರು ಹಿಂಜರಿಯುವುದು ಸಹಜ. ಹಿಂಜರಿಕೆಗೆ ಎರಡು ದಿನ ಕೊಡಬಹುದು, ಎರಡು ತಿಂಗಳನ್ನಲ್ಲ.

ರೋಗಿ ಐವತ್ತು ದಾಟಿದ ಗಂಡಸಾಗಿದ್ದು, ಜ್ವರ ಬಿಡದೆ, ರಕ್ತಹೀನತೆಯೂ ದಪ್ಪಗಾತ್ರದ ಕೆಂಪುಕಣಗಳೂ ಕಂಡರೆ ಇನ್ನೊಂದು ಬಾಗಿಲನ್ನು ತಟ್ಟಬೇಕು. 2020ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ವಿಜ್ಞಾನಿಗಳು 25 ಗಂಡಸರಲ್ಲಿ ಗುರುತಿಸಿದ ವೆಕ್ಸಸ್ ಎಂಬ ಕಾಯಿಲೆ ಅಲ್ಲಿದೆ. ಎಕ್ಸ್ ವರ್ಣತಂತುವಿನ ಮೇಲಿರುವ ಯುಬಿಎ1 ಎಂಬ ಜೀನಿನಲ್ಲಿ, ಹುಟ್ಟಿನಿಂದಲ್ಲದೆ ವಯಸ್ಸಾದ ಮೇಲೆ ಮೂಳೆಮಜ್ಜೆಯ ಜೀವಕೋಶಗಳಲ್ಲಿ ಉಂಟಾಗುವ ದೋಷ ಅದರ ಮೂಲ. ಅದುವರೆಗೆ ಆರ್‌ಪಿ ಎಂದೋ ವ್ಯಾಸ್ಕುಲೈಟಿಸ್ ಎಂದೋ ಚಿಕಿತ್ಸೆ ಪಡೆಯುತ್ತಿದ್ದ ಕೆಲವರ ಫೈಲುಗಳನ್ನು ಹೊಸದಾಗಿ ತೆರೆಯಬೇಕಾಯಿತು.

ಚಿಕಿತ್ಸೆಯ ವಿಷಯದಲ್ಲಿ ಒಂದು ಅಸಮತೋಲನವಿದೆ. ಮೃದ್ವಸ್ಥಿಯ ಕಾಯಿಲೆಗೆಂದೇ ರೋಗಿಗಳನ್ನು ಚೀಟಿ ಎತ್ತಿದಂತೆ ಗುಂಪುಗಳಾಗಿ ಹಂಚಿ ಔಷಧಗಳನ್ನು ಹೋಲಿಸುವ ದೊಡ್ಡ ಪ್ರಮಾಣದ ಯಾದೃಚ್ಛಿಕ ಪ್ರಯೋಗಗಳು ನಡೆದಿಲ್ಲ. ಸ್ಟೀರಾಯ್ಡ್, ಮೆಥೊಟ್ರೆಕ್ಸೇಟ್, ಟಾಸಿಲಿಜುಮ್ಯಾಬ್ ಮುಂತಾದವನ್ನು ಅನುಭವದ ಬಲದ ಮೇಲೆ ಕೊಡುತ್ತಾರೆ. ಆಂಕಾ ವ್ಯಾಸ್ಕುಲೈಟಿಸ್‌ಗೆ ಹಾಗಲ್ಲ. 2010ರ ರೇವ್ ಪ್ರಯೋಗದಲ್ಲಿ 197 ರೋಗಿಗಳ ಪೈಕಿ ರಿಟುಕ್ಸಿಮ್ಯಾಬ್ ಪಡೆದವರಲ್ಲಿ ಶೇಕಡಾ 64, ಹಳೆಯ ಸೈಕ್ಲೊಫಾಸ್ಫಮೈಡ್ ಪಡೆದವರಲ್ಲಿ ಶೇಕಡಾ 53 ಮಂದಿ ಆರು ತಿಂಗಳಲ್ಲಿ ರೋಗದ ಹಿಡಿತದಿಂದ ಹೊರಬಂದಿದ್ದರು. 2020ರ ಪೆಕ್ಸಿವಾಸ್ ಪ್ರಯೋಗ 704 ಜನರಲ್ಲಿ ಎರಡು ಸಂಗತಿ ತೋರಿಸಿತು: ರಕ್ತದ ಪ್ಲಾಸ್ಮಾವನ್ನು ತೆಗೆದು ಬೇರೆಯದನ್ನು ತುಂಬುವ ಚಿಕಿತ್ಸೆಯಿಂದ ಸಾವು ಅಥವಾ ಮೂತ್ರಪಿಂಡ ವೈಫಲ್ಯ ಗಣನೀಯವಾಗಿ ತಗ್ಗಲಿಲ್ಲ, ಸ್ಟೀರಾಯ್ಡ್ ಬೇಗ ಇಳಿಸಿದರೂ ಫಲ ಕೆಡಲಿಲ್ಲ, ಗಂಭೀರ ಸೋಂಕುಗಳು ಕಡಿಮೆಯಾದವು. ಎರಡೂ ಕಾಯಿಲೆ ಒಟ್ಟಿಗಿರುವವರಿಗೆ ಮೂತ್ರಪಿಂಡದ ಪುರಾವೆಯೇ ದಾರಿ ತೋರಿಸುತ್ತದೆ. ಮೊದಲು ಅದನ್ನು ಉಳಿಸುವ ತೀವ್ರ ಚಿಕಿತ್ಸೆ, ಅದರ ನೆರಳಿನಲ್ಲೇ ಕಿವಿಯೂ ಹೆಚ್ಚಾಗಿ ತಣ್ಣಗಾಗುತ್ತದೆ. ರಿಟುಕ್ಸಿಮ್ಯಾಬ್‌ಗೆ ಮುನ್ನ ಹೆಪಟೈಟಿಸ್-ಬಿ ಪರೀಕ್ಷೆ ಕಡ್ಡಾಯ, ನಮ್ಮಲ್ಲಿ ಕ್ಷಯದ ತಪಾಸಣೆಯೂ ಅಷ್ಟೇ ಅಗತ್ಯ.

ಖರ್ಚಿನ ಮಾತಿಗೆ ಬಂದರೆ, 2007ರಲ್ಲಿ ಹೈದರಾಬಾದಿನ ಡಾ. ರೆಡ್ಡೀಸ್ ಕಂಪನಿ ರಿಟುಕ್ಸಿಮ್ಯಾಬ್‌ನ ದೇಶೀ ರೂಪವನ್ನು ತಂದ ಮೇಲೆ ಈ ಔಷಧ ಮಧ್ಯಮ ವರ್ಗದ ಕೈಗೆ ಎಟುಕುವಷ್ಟಾದರೂ ಹತ್ತಿರ ಬಂತು. 2021ರ ರಾಷ್ಟ್ರೀಯ ಅಪರೂಪದ ಕಾಯಿಲೆಗಳ ನೀತಿಯಡಿ ಉತ್ಕೃಷ್ಟತಾ ಕೇಂದ್ರವೊಂದು ಬೆಂಗಳೂರಿನಲ್ಲಿಯೂ ಇದೆ, ನೆರವಿನ ಮಿತಿ ಈಗ 50 ಲಕ್ಷ ರೂಪಾಯಿ. ಆದರೆ ಅದರ ಪಟ್ಟಿಯ ಬಹುಪಾಲು ವಂಶವಾಹಿ ಮತ್ತು ಚಯಾಪಚಯ ದೋಷಗಳದ್ದು. ನಡುವಯಸ್ಸಿನಲ್ಲಿ ಬರುವ ಆಟೋಇಮ್ಯೂನ್ ಕಾಯಿಲೆ ಎಷ್ಟೇ ಅಪರೂಪವಾಗಿದ್ದರೂ ಆ ಚೌಕಟ್ಟಿಗೆ ಸುಲಭವಾಗಿ ಒಗ್ಗುವುದಿಲ್ಲ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ರಕ್ಷಣೆ ಕೊಡುತ್ತದೆ, ಡಯಾಲಿಸಿಸ್ಸೂ ಅದರಲ್ಲಿ ಸೇರಿದೆ. ಅದರ ರಚನೆ ಇರುವುದು ಆಸ್ಪತ್ರೆಯೊಳಗಿನ ಚಿಕಿತ್ಸೆಯ ಸುತ್ತ. ಡಯಾಲಿಸಿಸ್ ಬಾರದಂತೆ ತಡೆಯುವ ತಿಂಗಳ ಮೂತ್ರಪರೀಕ್ಷೆ, ಹೊರರೋಗಿಯಾಗಿ ತೆಗೆದುಕೊಳ್ಳುವ ಮಾತ್ರೆಗಳು ಹೆಚ್ಚಾಗಿ ಜೇಬಿನಿಂದಲೇ ಹೋಗುತ್ತವೆ. ಮೂತ್ರಪಿಂಡ ಕೆಟ್ಟ ಮೇಲೆ ಸರ್ಕಾರ ಜೊತೆಗಿರುತ್ತದೆ, ಕೆಡುತ್ತಿರುವಾಗ ರೋಗಿ ಒಬ್ಬಂಟಿ.

ಕೆಟ್ಟೇ ಹೋದವರಿಗೆ ಕಸಿ ಸಾಧ್ಯ. ರೋಗ ಆರು ತಿಂಗಳಿನಿಂದ ಒಂದು ವರ್ಷದವರೆಗೆ ಶಾಂತವಾಗಿರುವುದನ್ನು ನೋಡಿಕೊಂಡು ವೈದ್ಯರು ಮುಂದುವರಿಯುತ್ತಾರೆ. ಹೊಸ ಮೂತ್ರಪಿಂಡದಲ್ಲಿ ವ್ಯಾಸ್ಕುಲೈಟಿಸ್ ಮರುಕಳಿಸುವುದು ವಿರಳ. ಮನೆಯಲ್ಲಿ ದಾನಿ ಸಿಗದವರು ರಾಜ್ಯದ ಅಂಗದಾನ ಸಂಸ್ಥೆ ಜೀವಸಾರ್ಥಕತೆಯ ಪಟ್ಟಿಯಲ್ಲಿ ಹೆಸರು ಬರೆಸಿ ಕಾಯುತ್ತಾರೆ. ಶಸ್ತ್ರಚಿಕಿತ್ಸೆಯ ಹಿಂದಿನ ದಿನ ಅರಿವಳಿಕೆ ತಜ್ಞರು ಬಂದು ಫೈಲು ತಿರುವಿ ಹಾಕುವಾಗ ಅವರಿಗೆ ಬೇಕಾದದ್ದು ಕ್ರಿಯಾಟಿನಿನ್ ಅಲ್ಲ, ಶ್ವಾಸನಾಳದ ಅಗಲ. ಮೆತ್ತಗಾದ ಬಳೆಗಳ ನಡುವೆ ಟ್ಯೂಬು ಇಳಿಸುವುದೂ, ಕೆಲಸ ಮುಗಿದ ಮೇಲೆ ಅದನ್ನು ಹೊರಗೆಳೆಯುವುದೂ ಅಪಾಯದ ಕೆಲಸ. ಉಸಿರು ಬಿಡುವಾಗ ತೆಗೆದ ಸಿಟಿ ಸ್ಕ್ಯಾನು ಎಲ್ಲಿ, ಧ್ವನಿಪೆಟ್ಟಿಗೆಯನ್ನು ಕೊನೆಯ ಬಾರಿ ನೋಡಿದವರು ಯಾರು ಎಂದು ಅವರು ಕೇಳುತ್ತಾರೆ. ಮನೆಯವರು ಮತ್ತೆ ಅದೇ ಪ್ಲಾಸ್ಟಿಕ್ ಕವರನ್ನು ಬಿಚ್ಚಿ, ಮೊದಲ ಸಲ ಕಿವಿ ಊದಿದಾಗ ತೋರಿಸಿದ್ದ ಇಎನ್‌ಟಿ ತಜ್ಞರ ಚೀಟಿಯನ್ನು ಹುಡುಕುತ್ತಾರೆ.